ಉಬ್ಬುಮೀನಿಗೆ ತಕ್ಕ ಸೊಪ್ಪು

ಹಿಂಡಿ ಬೂಸಾ ಅಂಗಡಿಯ ಬಸವೇಶಪ್ಪನವರ ಲೆಕ್ಕದಲ್ಲಿ ಭಗವಂತನ ಸೃಷ್ಟಿಯಲ್ಲಿ ಎರಡೇ ಪಂಗಡ. ಮೇವು ತಿನ್ನುವವರದೊಂದು, ಮೇವು ಮಾರುವವರದೊಂದು. ತಾವು ಎರಡನೆಯ ಪಂಗಡಕ್ಕೆ ಸೇರಿದವರೆಂಬ ಹೆಮ್ಮೆ ಅವರ ಹಣೆಯ ಮೇಲೆ ವಿಭೂತಿಯಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ನಂಜನಗೂಡಿನ ಬಜಾರಿನಲ್ಲಿ ಅವರ ಅಂಗಡಿಯ ಮುಂದೆ ಹಾದುಹೋಗುವ ಯಾವ ಪ್ರಾಣಿಯನ್ನೂ ಅವರು ಸುಮ್ಮನೆ ಹೋಗಲು ಬಿಡುತ್ತಿರಲಿಲ್ಲ. ಎತ್ತು ಹೋದರೆ "ಇದಕ್ಕೆ ಹುರುಳಿ ಸಾಲದು" ಎನ್ನುವರು. ನಾಯಿ ಹೋದರೆ "ಇದಕ್ಕೆ ಉಪ್ಪಿನ ಅಂಶ ಕಮ್ಮಿ" ಎನ್ನುವರು. ಒಮ್ಮೆ ತಾಲ್ಲೂಕು ಕಚೇರಿಯ ಸಾಹೇಬರೊಬ್ಬರು ಬಿಸಿಲು ತಾಳಲಾರದೆ ಅಂಗಡಿಯ ನೆರಳಿಗೆ ಬಂದು ನಿಂತಾಗ, ಬಸವೇಶಪ್ಪನವರು ಅವರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, "ಸಾ, ತಮಗೆ ಹಸಿಮೇವು ಏನೇನೂ ಸಾಲದು" ಎಂದುಬಿಟ್ಟರು. ಸಾಹೇಬರು ಅಂದಿನಿಂದ ಆ ಬೀದಿಯಲ್ಲಿ ಬಿಸಿಲಲ್ಲೇ ನಿಲ್ಲುತ್ತಾರೆ.

ನಾನು ಅವರ ಪಕ್ಕದ ಮನೆಯವನು. ನಮ್ಮ ಮನೆಯಲ್ಲಿ ಈಚೆಗೆ ಒಂದೇ ತಟ್ಟೆ. ಹಾಗಾಗಿ ನನ್ನ ಕಿವಿ ಹೆಚ್ಚು ಹೊತ್ತು ಅವರ ಮನೆಯ ಕಡೆಗೇ ಇರುತ್ತದೆ. ಈ ಮೀನಿನ ಪ್ರಸಂಗ ಪೂರ್ತಿಯಾಗಿ ನನ್ನ ಕಣ್ಣೆದುರಿಗೇ ನಡೆದದ್ದು.

ಬಸವೇಶಪ್ಪನವರ ಅಕ್ಕ ಮಂಗಳಮ್ಮನವರನ್ನು ತಿರುಮಕೂಡಲು ನರಸೀಪುರಕ್ಕೆ ಕೊಟ್ಟಿತ್ತು. ಯಜಮಾನರು ದೊಡ್ಡಸಿದ್ದಯ್ಯನವರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ಮೈಸೂರಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಅದರೊಳಕ್ಕೆ ಒಂದೇ ಒಂದು ಮೀನನ್ನೂ ತಂದು ಹಜಾರದಲ್ಲಿ ಇಟ್ಟುಕೊಂಡಿದ್ದರು. ಅದು ಉಬ್ಬುಮೀನು. ಗಾತ್ರದಲ್ಲಿ ನಿಂಬೆಹಣ್ಣು, ಹೆದರಿದರೆ ಮೋಸಂಬಿ. ಬೆನ್ನು ಹಸಿರು, ಹೊಟ್ಟೆ ಬಿಳಿ, ಬಾಯಲ್ಲಿ ಎರಡು ಬಿಳಿ ಹಲ್ಲು. ಕಣ್ಣು ಮಾತ್ರ ಜಪ್ತಿಗೆ ಬಂದ ಅಮೀನನದು. ಒಂದು ನಿಮ್ಮನ್ನು ನೋಡುತ್ತಿದ್ದರೆ ಇನ್ನೊಂದು ಮನೆಯ ಸಾಮಾನು ನೋಡುತ್ತಿರುತ್ತದೆ. ಅದಕ್ಕೆ ಅವರು ಗುಂಡ ಎಂದು ಹೆಸರಿಟ್ಟಿದ್ದರು.

ಕಳೆದ ಬೇಸಿಗೆಯಲ್ಲಿ ದೊಡ್ಡಸಿದ್ದಯ್ಯನವರು ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದ ಮೇಲೆ ಬಸವೇಶಪ್ಪನವರು ಅಕ್ಕನನ್ನು ಕರೆತರಲು ಗೂಡ್ಸ್ ಆಟೋ ತೆಗೆದುಕೊಂಡು ಹೋದರು. ಮಂಗಳಮ್ಮನವರು ಮುಂದೆ ಕೂರಲು ಒಪ್ಪಲಿಲ್ಲ. ಹಿಂದುಗಡೆ ತೊಟ್ಟಿಯನ್ನು ತಬ್ಬಿಕೊಂಡು ಕೂತರು. ನರಸೀಪುರದಿಂದ ನಂಜನಗೂಡಿನವರೆಗೆ ರಸ್ತೆಯ ಒಂದೊಂದು ಹಳ್ಳವೂ ತೊಟ್ಟಿಯಿಂದ ತನ್ನ ಪಾಲಿನ ನೀರನ್ನು ವಸೂಲು ಮಾಡಿಕೊಂಡಿತು. ಮನೆ ಮುಂದೆ ಬಂದು ನಿಂತಾಗ ತೊಟ್ಟಿಯಲ್ಲಿ ಅಂಗೈ ಆಳದ ನೀರು, ಅದರಲ್ಲಿ ಮೋಸಂಬಿಯಾಗಿದ್ದ ಗುಂಡ. ತೊಟ್ಟಿಯೊಳಗಿನ ಗಿಡಗಳೆಲ್ಲಾ ಬಿಸಿಲಿಗೆ ಬೆಂದು ಉಪ್ಸಾರಿಗೆ ಸಿದ್ಧವಾಗಿದ್ದವು.

"ಇಳಿ ಅಕ್ಕ. ಮೀನಿಗೇನೂ ಆಗಿಲ್ಲ" ಎಂದರು ಬಸವೇಶಪ್ಪ.

"ಮೀನಿಗೇನೂ ಆಗಿಲ್ಲ ಕಣೋ. ಅದರ ಊಟ ಹೋಯ್ತಲ್ಲ" ಎಂದರು ಮಂಗಳಮ್ಮ. ಯಜಮಾನರು ಹೋದ ಮೇಲೆ ಅವರು ಆಡಿದ ಮಾತುಗಳಲ್ಲಿ ಇದೇ ಉದ್ದನೆಯದೆಂದು ಆಮೇಲೆ ತಿಳಿಯಿತು.

"ಊಟ? ಗಿಡ ತಿನ್ನುತ್ತಾ ಇದು?"

"ಇನ್ನೇನು ತಿನ್ನುತ್ತೆ? ವಾರಕ್ಕೊಂದು ಸಲ ಅವರು ನಾಲೆ ಕಡೆ ಹೋಗಿ ಗಿಡ ತಂದು ಹಾಕೋರು. ನಾನು ಪೂಜೆ ಮುಗಿಸಿ ಬರೋ ಹೊತ್ತಿಗೆ ಗುಂಡ ಊಟ ಶುರು ಮಾಡಿರೋನು. ಎಲೆ ತುಂಬಾ ಕಚ್ಚಿದ ಗುರುತು. ಶುದ್ಧ ಸಸ್ಯಾಹಾರಿ ಕಣೋ. 'ಶರಣ ಕಣೇ ಇವನು, ಮೊಟ್ಟೆ ಸುದ್ದಿಗೂ ಹೋಗಲ್ಲ' ಅಂತ ಅವರೇ ಹೇಳೋರು."

ಬಸವೇಶಪ್ಪನವರ ಮುಖ ಅರಳಿತು. ಅಕ್ಕನ ದುಃಖಕ್ಕೆ ತಾವು ಏನು ಮಾಡಬೇಕೆಂದು ತಿಳಿಯದೆ ಅವರು ಒದ್ದಾಡುತ್ತಿದ್ದರು. ಈಗ ದುಃಖ ತಾನಾಗಿಯೇ ನಡೆದು ಅವರ ಅಂಗಡಿಗೆ ಬಂದಿತ್ತು. "ಮೇವಿನ ಸಮಸ್ಯೆ ತಾನೇ? ಅಕ್ಕ, ಅದನ್ನ ನನಗೆ ಬಿಡು. ನೀನು ಒಳಗೆ ಹೋಗಿ ಎರಡು ತುತ್ತು ಊಟ ಮಾಡು."

"ಗುಂಡ ತಿನ್ನಲಿ."

"ಅವನದು ಅವನಿಗೆ, ನಿನ್ನದು ನಿನಗೆ."

"ನಮ್ಮನೇಲಿ ಹಂಗಲ್ಲ ಕಣೋ. ಗುಂಡ ತಿಂದ ಮೇಲೆ ಅವರು, ಅವರದಾದ ಮೇಲೆ ನಾನು. ಈಗ ನಡುವಿನವರಿಲ್ಲ. ಗುಂಡ ತಿಂದ ಮೇಲೆ ನಾನು."

ಹೀಗೆ, ಒಂದು ಮೀನಿನ ಹೊಟ್ಟೆಗೂ ಒಬ್ಬ ಹೆಂಗಸಿನ ಹೊಟ್ಟೆಗೂ ಗಂಟು ಬಿತ್ತು. ಅದನ್ನು ಬಿಚ್ಚುವ ಹೊಣೆ ಬಸವೇಶಪ್ಪನವರದಾಯಿತು. ದೇವರು ದೊಡ್ಡವನು, ಆದರೆ ಕೆಲವೊಮ್ಮೆ ಕೆಲಸ ಹಂಚುವಾಗ ಆಳು ನೋಡುವುದಿಲ್ಲ.

ಮೊದಲನೆಯ ಸೊಪ್ಪು ಮನೆಯೊಳಗಿನದೇ. ಬಸವೇಶಪ್ಪನವರ ಹೆಂಡತಿ ದಾಕ್ಷಾಯಿಣಮ್ಮನವರು ಸೊಪ್ಪು ಸೋಸುವುದರಲ್ಲಿ ನಮ್ಮ ಬೀದಿಗೇ ಹೆಸರಾದವರು. ಮೊರವನ್ನು ಮಡಿಲಲ್ಲಿಟ್ಟು ಒಂದೊಂದು ಎಲೆಯನ್ನೂ ಮುಂದೆ ನೋಡಿ, ಹಿಂದೆ ನೋಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಉಪ್ಪು ಅರಿಸಿನದ ನೀರಿನಲ್ಲಿ ನೆನೆಹಾಕಿ ತೊಳೆಯುವರು. ದಂಟಿನ ಕಟ್ಟಿನಲ್ಲಿ ಒಂದು ಹುಳು ಕಂಡರೆ ಇಡೀ ಕಟ್ಟು ಹಸುವಿನ ಪಾಲು. ಇಷ್ಟಲಿಂಗ ಪೂಜೆ ಮಾಡುವ ಮನೆಯಲ್ಲಿ ಹುಳು ಬಿದ್ದ ಸೊಪ್ಪು ಒಲೆಗೆ ಏರುವುದುಂಟೆ? ಅವರು ಅದೇ ಮಡಿಯಿಂದ ಹರಿವೆ, ಸಬ್ಬಸಿಗೆ, ಒಂದೆಲಗ ಸೋಸಿ ತೊಳೆದು ಗುಂಡನಿಗೆ ಬಡಿಸಿದರು. ಗುಂಡ ಒಂದು ಕಣ್ಣಿನಿಂದ ಸಬ್ಬಸಿಗೆಯನ್ನೂ ಇನ್ನೊಂದು ಕಣ್ಣಿನಿಂದ ದಾಕ್ಷಾಯಿಣಮ್ಮನವರನ್ನೂ ನೋಡಿದ. ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ತೊಟ್ಟಿಯಿಂದ ಬಸ್ಸಾರಿನ ವಾಸನೆ ಬರತೊಡಗಿತು.

"ಬರೀ ಹಸಿಮೇವು ಹಾಕಿದ್ರೆ ಯಾರು ತಿಂತಾರೆ? ಮೇಲೆ ಒಂದು ಹಿಡಿ ಬೂಸಾ ಉದುರಿಸಬೇಕು" ಎಂದು ಬಸವೇಶಪ್ಪ ನೀರು ಬದಲಿಸಿ ತೊಟ್ಟಿಗೆ ಕೈ ಹಾಕಿದರು. ಕೈ ಕಂಡ ಕೂಡಲೇ ಗುಂಡ ಬುಸಬುಸನೆ ಉಬ್ಬಿ ಚೆಂಡಾಗಿ, ಹೊಟ್ಟೆ ಮೇಲಾಗಿ ತೇಲತೊಡಗಿದ.

"ಹೊಟ್ಟೆಯುಬ್ಬರ!" ಎಂದು ಕೂಗಿದರು ಬಸವೇಶಪ್ಪ. "ಹಸಿ ಕುದುರೆಮೆಂತ್ಯ ತಿಂದ ಹಸುವಿಗೆ ಹಿಂಗೇ ಆಗೋದು! ದಾಕ್ಷಾಯಿಣಿ, ಎಣ್ಣೆ ತಾ! ಗೊಟ್ಟ ಎಲ್ಲಿ, ಗೊಟ್ಟ?"

ಗೊಟ್ಟವೆಂದರೆ ದನಗಳ ಬಾಯಿಗೆ ಔಷಧಿ ಹುಯ್ಯುವ ಬಿದಿರಿನ ಕೊಳವೆ. ದಾಕ್ಷಾಯಿಣಮ್ಮ ಗೊಟ್ಟವನ್ನು ತಂದು ಗಂಡನ ಮುಂದೆ ಹಿಡಿದು, "ರೀ, ಇದನ್ನ ಮೀನಿನೊಳಗೆ ಹಾಕ್ತೀರೋ, ಮೀನನ್ನ ಇದರೊಳಗೆ ಹಾಕ್ತೀರೋ?" ಎಂದು ಕೇಳಿದರು. ಬಸವೇಶಪ್ಪ ಎರಡರ ಅಳತೆಯನ್ನೂ ನೋಡಿ ಗೊಟ್ಟವನ್ನು ಕೆಳಗಿಟ್ಟರು. ಜನ ಹಿಂದೆ ಸರಿದ ಮೇಲೆ ಗುಂಡ ತಾನಾಗಿಯೇ ಇಳಿದು ನಿಂಬೆಹಣ್ಣಾದ. ಮಂಗಳಮ್ಮನವರು ಅಂದು ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು.

ಮರುದಿನ ಬಸವೇಶಪ್ಪ ನನ್ನ ಬಾಗಿಲಿಗೆ ಬಂದರು. "ಅಣ್ಣಾ, ಸರ್ಕಾರದಲ್ಲಿ ಮೀನಿಗೇ ಅಂತ ಇಲಾಖೆ ಇದೆಯಂತಲ್ಲ, ಬನ್ನಿ."

ಕಚೇರಿಯಲ್ಲಿ ನಟರಾಜ್ ಎಂಬ ಅಧಿಕಾರಿ ಬಹಳ ಮರ್ಯಾದೆಯಿಂದ ಕೂರಿಸಿದರು. ಎಷ್ಟೋ ದಿನದಿಂದ ಯಾರೂ ಬಂದಿರಲಿಲ್ಲವೆಂದು ಕಾಣುತ್ತದೆ.

"ಯಾವ ಹೋಬಳಿ ಕೆರೆ?"

"ಕೆರೆ ಅಲ್ಲ ಸಾ. ಮನೆ ಹಜಾರ."

"ಓ, ಕೃಷಿಹೊಂಡದ ಥರ. ವಿಸ್ತೀರ್ಣ?"

"ಎರಡಡಿ ಉದ್ದ, ಒಂದಡಿ ಅಗಲ."

"ಎಕರೆಯಲ್ಲಿ ಹೇಳಿ."

ಬಸವೇಶಪ್ಪ ನನ್ನನ್ನು ನೋಡಿದರು. ನಾನು ಮನಸ್ಸಿನಲ್ಲಿ ಭಾಗಾಕಾರ ಮಾಡಲು ಹೊರಟು, ಸೊನ್ನೆಗಳ ಗುಂಪಿನಲ್ಲಿ ದಾರಿ ತಪ್ಪಿ ವಾಪಸು ಬಂದೆ.

"ಇರಲಿ ಬಿಡಿ. ಮರಿ ಎಷ್ಟು ಸಾವಿರ ಬಿಟ್ಟಿದ್ದೀರಿ?"

"ಒಂದು ಸಾ."

"ಒಂದು ಸಾವಿರ."

"ಒಂದು. ಒಂದೇ. ಗುಂಡ."

ನಟರಾಜ್ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಜಾತಿ ಯಾವುದು? ಕಾಟ್ಲಾನೋ ರೋಹುನೋ?"

"ನಮ್ಮ ಪೈಕೀನೇ ಸಾ. ಮೊಟ್ಟೆ ಕೂಡ ಮುಟ್ಟಲ್ಲ. ಅದಕ್ಕೆ ಒಗ್ಗೋ ಸೊಪ್ಪು ಯಾವುದು ಅಂತ ಒಂದು ಮಾತು ಹೇಳಿಬಿಡಿ, ಸಾಕು."

"ಅದೆಲ್ಲಾ ಆಮೇಲೆ. ಚೆನ್ನಾಗಿ ಸಾಕಿದ್ರೆ ಎಂಟು ತಿಂಗಳಿಗೆ ಕಿಲೋ ಬರುತ್ತೆ. ಬಲೆ ಯಾವಾಗ ಬಿಡ್ತೀರಿ?"

ಬಲೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬಸವೇಶಪ್ಪ ಎದ್ದು ನಿಂತರು. "ನಮ್ಮ ಭಾವನ ಮೀನು ಸಾ ಅದು!" ಎಂದು ಹೇಳಿ ಬಾಗಿಲ ಕಡೆ ನಡೆದರು. ನಾವು ಮೆಟ್ಟಿಲಿಳಿಯುತ್ತಿರುವಾಗ ನಟರಾಜ್ ಹಿಂದಿನಿಂದ, "ನೀರಿನ ಗಿಡ ಬೇಕಾದ್ರೆ ಅಕ್ವೇರಿಯಂ ಅಂಗಡೀಲಿ ಕೇಳ್ರೀ!" ಎಂದು ಕೂಗಿದರು. ಅವರೂ ಮನುಷ್ಯರೇ.

ಮೈಸೂರು ರಸ್ತೆಯಲ್ಲಿ ರಘು ಎಂಬಾತನ ಅಂಗಡಿ. ಅಲ್ಲಿ ಮೀನಿಗಿಂತ ಪ್ಲಾಸ್ಟಿಕ್ಕಿನ ಅರಮನೆ, ತಲೆಬುರುಡೆಗಳೇ ಹೆಚ್ಚು. ಬಸವೇಶಪ್ಪ ತಮ್ಮ ಫೋನಿನಲ್ಲಿದ್ದ ಗುಂಡನ ಫೋಟೋ ತೋರಿಸಿದರು.

"ಪಫರ್ ಸಾ ಇದು. ರೌಡಿ. ಇದರ ಜೊತೆ ಮೆತ್ತಗಿನ ಗಿಡ ಬದುಕಲ್ಲ, ಕಚ್ಚಿ ಚಿಂದಿ ಮಾಡ್ತದೆ. ಎಲೆ ಚಪ್ಪಲಿ ತೊಗಲು ಇದ್ದಂಗೆ ಇರಬೇಕು" ಎಂದು ರಘು ಕಡುಹಸಿರು ಬಣ್ಣದ ದಪ್ಪನೆಯ ಎಲೆಯ ಗಿಡವೊಂದನ್ನು ನೀರಿನಿಂದೆತ್ತಿದ. "ಅನುಬಿಯಾಸ್ ಅಂತ. ಇದು ಜಾವಾ ಫರ್ನ್. ಮಣ್ಣೂ ಬೇಡ, ಕಟ್ಟಿಗೆ ತುಂಡಿಗೆ ದಾರದಲ್ಲಿ ಕಟ್ಟಿ ಇಟ್ರೆ ಅದೇ ಬೇರು ಬಿಟ್ಕೊಳ್ತದೆ."

ಬಸವೇಶಪ್ಪ ಎಲೆಯನ್ನು ಬೆರಳಿನಿಂದ ಉಜ್ಜಿ, ಮೂಸಿ, ಅಂಚನ್ನು ಸ್ವಲ್ಪ ಕಚ್ಚಿಯೂ ನೋಡಿ, "ಹುಂ. ಒಣಮೇವಿನ ಜಾತಿ. ಹಲ್ಲಿಗೆ ಕೆಲಸ ಬೇಕಲ್ಲ, ಸರಿಯಾಗಿದೆ" ಎಂದು ತೀರ್ಪು ಕೊಟ್ಟರು.

"ತಿನ್ನೋಕಲ್ಲ ಸಾ, ಮರೆಗೆ. ಬಚ್ಚಿಟ್ಟುಕೊಳ್ಳೋಕೆ ಗಿಡ ಇಲ್ಲದಿದ್ರೆ ಇದು ಹೆದರಿಕೊಂಡು ಉಬ್ತದೆ. ತಿನ್ನೋಕೆ ಇದಕ್ಕೆ ಬೇರೆ..."

"ತಡಿ. ಮೇವಿನ ವಿಷಯ ನನಗೆ ಹೇಳಬೇಡ."

"ಅಲ್ಲ ಸಾ, ಇದು ತಿನ್ನೋದು ಏನು ಅಂದ್ರೆ..."

"ಏನಪ್ಪಾ, ನಾನು ಮೇವು ಮಾರೋಕೆ ಕೂತಾಗ ನೀನು ತೊಟ್ಟಿಲಲ್ಲಿದ್ದೆ. ಗಿಡ ಕಟ್ಟಿಕೊಡು."

ರಘು ಹೆಗಲು ಕುಣಿಸಿ ಗಿಡ ಕಟ್ಟಿದ. "ಹಂಗಾದ್ರೆ ಒಂದು ಮಾತು ಕೇಳಿ. ಇದರ ಮೈಯಲ್ಲಿ ವಿಷ ಇದೆ. ಬೆಕ್ಕಿಗೆ ಸಿಗದಂಗೆ ನೋಡ್ಕೊಳಿ. ತಲೆಬುರುಡೆ ಒಂದು ಹಾಕಲಾ ಸಾ? ಚೆನ್ನಾಗಿ ಕಾಣ್ತದೆ."

ಗಟ್ಟಿ ಎಲೆಯ ಗಿಡ ತೊಟ್ಟಿಗೆ ಬಂದಮೇಲೆ ಗುಂಡನಲ್ಲಿ ಒಂದು ಸುಧಾರಣೆ ಕಂಡದ್ದು ನಿಜ. ಉಬ್ಬುವುದು ನಿಂತಿತು. ಎಲೆಯ ಹಿಂದೆ ಕೂತು, ಮದುವೆ ಮನೆಯಲ್ಲಿ ಕಂಬದ ಮರೆಯಿಂದ ನೋಡುವ ಸಾಲಗಾರನ ಹಾಗೆ ಒಂದೇ ಕಣ್ಣು ಹೊರಗಿಟ್ಟುಕೊಂಡು ಜಗತ್ತನ್ನು ನೋಡತೊಡಗಿದ. ಆದರೆ ಎಲೆಯನ್ನು ಒಂದು ಸಲವೂ ಕಚ್ಚಲಿಲ್ಲ. ಮಂಗಳಮ್ಮನವರ ಮಜ್ಜಿಗೆಯ ಲೋಟವೂ ಅರ್ಧಕ್ಕಿಳಿಯಿತು. ಬಳೆಯಿಲ್ಲದ ಕೈ ಕಡ್ಡಿಯ ಹಾಗಾಯಿತು. ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಬಸವೇಶಪ್ಪ ಅಂಗಡಿಯಲ್ಲಿ ದನಗಳ ಯೋಗಕ್ಷೇಮ ವಿಚಾರಿಸುವುದನ್ನೇ ಬಿಟ್ಟುಬಿಟ್ಟರು.

ದಾಕ್ಷಾಯಿಣಮ್ಮನವರಿಗೆ ಒಂದು ಉಪಾಯ ಹೊಳೆಯಿತು. ಅತ್ತಿಗೆ ಸ್ನಾನಕ್ಕೆ ಹೋದಾಗ ಗಿಡವನ್ನು ಹೊರಗೆ ತೆಗೆದು, ಸೆರಗಿನ ಪಿನ್ನು ಬಿಚ್ಚಿ, ಎಲೆಗೆಲ್ಲಾ ಒಂದಷ್ಟು ತೂತು ಹಾಕಿ ವಾಪಸು ಬಿಟ್ಟರು.

"ಅತ್ತಿಗೆ! ಬನ್ನಿ ನೋಡಿ! ಗುಂಡ ಊಟ ಮಾಡವ್ನೆ! ಎಲೆ ತುಂಬಾ ತೂತು!"

ಮಂಗಳಮ್ಮ ಬಂದು ತೊಟ್ಟಿಯ ಮುಂದೆ ಕೂತು ನೋಡಿದರು. "ಗುಂಡ ಅಂಚಿನಿಂದ ಕಚ್ಚೋನು, ದಾಕ್ಷಾಯಿಣಿ. ಇದು ನಟ್ಟನಡುವೆ ಸಾಲಾಗಿದೆ. ಪಿನ್ನು ಹಾಕ್ಕೋ, ಸೆರಗು ಜಾರ್ತಿದೆ."

ಇನ್ನು ಉಳಿದದ್ದು ಒಂದೇ ದಾರಿ: ದೊಡ್ಡಸಿದ್ದಯ್ಯನವರು ತರುತ್ತಿದ್ದ ಗಿಡವನ್ನೇ, ಅವರು ಕಿತ್ತ ಜಾಗದಿಂದಲೇ ತರುವುದು. ಅಕ್ಕನಿಂದ ಗುರುತು ಕೇಳಿಕೊಂಡು ಬಸವೇಶಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನರಸೀಪುರದಾಚೆಯ ನಾಲೆಗೆ ಹೋದರು. ತೂಬಿನ ಪಕ್ಕ, ನಿಂತ ನೀರಿನಲ್ಲಿ, ಹಸಿರು ರಿಬ್ಬನ್ನಿನಂಥ ಉದ್ದುದ್ದ ಎಲೆಯ ಗಿಡ ದಟ್ಟವಾಗಿ ಬೆಳೆದಿತ್ತು. ಪಂಚೆ ಎತ್ತಿ ಕಟ್ಟಿ ಇಳಿದ ಬಸವೇಶಪ್ಪ ಮೊದಲ ಹೆಜ್ಜೆಗೇ ಜಾರಿ ಎದೆಯವರೆಗೆ ಮುಳುಗಿ, ಅದೇ ಉದ್ದೇಶದಿಂದ ಬಂದವರ ಹಾಗೆ ಮುಖ ಮಾಡಿಕೊಂಡು ಗಿಡ ಕೀಳತೊಡಗಿದರು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೈ ನಿಲ್ಲಿಸಿದಳು.

"ಯಾಕ್ ಸಾ, ಎಮ್ಮೆಗಾ?"

"ಮೀನಿಗೆ ಕಣವ್ವ."

"ಮೀನು ನೀರಲ್ಲೇ ಅಲ್ವಾ ಸಾ ಇರೋದು? ಇಲ್ಲೇ ಮೇಯ್ಕತದೆ. ನೀವ್ಯಾಕೆ ಒತ್ಕೊಂಡು ಓಯ್ತೀರಿ?"

ಬಸವೇಶಪ್ಪ ಇನ್ನೊಂದು ಹಿಡಿ ಗಿಡ ಕಿತ್ತರು. ಗೋಣಿಚೀಲ ತುಂಬಿಸಿಕೊಂಡು ಬಂದೆವು. ಪ್ರತಿ ಎಲೆಗೂ ಕರಿಮಣಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಬಸವನಹುಳುಗಳು ಅಂಟಿಕೊಂಡಿದ್ದವು.

"ಇದನ್ನ ಹಿಂಗೇ ಮೀನಿಗೆ ಹಾಕೋದಾ? ಥೂ!" ಎಂದರು ದಾಕ್ಷಾಯಿಣಮ್ಮ. ಹಜಾರದಲ್ಲಿ ತೊಟ್ಟಿಯ ಪಕ್ಕದಲ್ಲೇ ಮೊರ, ಉಪ್ಪು, ಅರಿಸಿನ, ಮೂರು ಬೋಗುಣಿ ಇಟ್ಟುಕೊಂಡು ಕೂತರು. ಒಂದೊಂದೇ ಹುಳುವನ್ನು ಬಿಡಿಸಿ ಪಕ್ಕದ ಪಾತ್ರೆಗೆ ಹಾಕತೊಡಗಿದರು. ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಅಷ್ಟು ದಿನ ಮೂಲೆಯಲ್ಲಿದ್ದ ಗುಂಡ ಎಲೆಯ ಮರೆಯಿಂದ ಧಾವಿಸಿ ಬಂದು, ಗಾಜಿಗೆ ಮೂತಿಯೊತ್ತಿ, ಮೇಲಕ್ಕೂ ಕೆಳಕ್ಕೂ ಕುಣಿಯತೊಡಗಿದ. ಎರಡು ಕಣ್ಣೂ ಪಾತ್ರೆಯ ಮೇಲೆ.

"ನೋಡಿದ್ರಾ ಅಣ್ಣಾ! ಚೊಕ್ಕಟ ಮಾಡೋದು ಕಂಡು ಎಷ್ಟು ಸಂತೋಷ ಅದಕ್ಕೆ!" ಎಂದರು ಬಸವೇಶಪ್ಪ.

"ಮೂಕಪ್ರಾಣಿಗೂ ಮಡಿ ಗೊತ್ತಾಗುತ್ತೆ" ಎಂದರು ದಾಕ್ಷಾಯಿಣಮ್ಮ ಕಣ್ಣೊರೆಸಿಕೊಳ್ಳುತ್ತಾ. ಹುಳುಗಳನ್ನು ಸಾಯಿಸುವುದು ಪಾಪವೆಂದು ಪಾತ್ರೆಯನ್ನು ತಾವೇ ಹೊತ್ತು ಸ್ನಾನಘಟ್ಟಕ್ಕೆ ಹೋಗಿ, ಕಪಿಲೆಯಲ್ಲಿ ಬಿಟ್ಟು, ಕೈಮುಗಿದು ಬಂದರು. ಫಳಫಳನೆ ಹೊಳೆಯುವ ಗಿಡ ತೊಟ್ಟಿಗೆ ಬಿತ್ತು. ಗುಂಡ ಅದರ ಬುಡದಿಂದ ತುದಿಯವರೆಗೆ ಹುಡುಕಿದ. ತುದಿಯಿಂದ ಬುಡದವರೆಗೆ ಹುಡುಕಿದ. ಆಮೇಲೆ ನಮ್ಮ ಕಡೆ ಬೆನ್ನು ತಿರುಗಿಸಿ ನಿಂತ.

ಈಗ ಎದುರು ಮನೆಯ ಚಿಕ್ಕಸ್ವಾಮಿಯವರ ಪ್ರವೇಶ. ಇವರು ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ಅಭ್ಯಾಸ ಬಿಡಲಾರದೆ ಮನೆಮನೆಗೆ ಸುದ್ದಿ ಜಾರಿ ಮಾಡುತ್ತಾರೆ. ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತು ಅವರು ಕೇಳಿದರು:

"ಯಜಮಾನರು ಓದ ಮೇಲೆ ತಾನೇ ಊಟ ಬಿಟ್ಟಿದ್ದು?"

"ಅದರ ಆಸುಪಾಸು" ಎಂದರು ಬಸವೇಶಪ್ಪ.

"ಮೈಯೆಲ್ಲಾ ವಿಷ ಅಂದ್ರಿ. ಯಾರಿಗೂ ಏನೂ ಮಾಡದೆ ಒಳಗೇ ಇಟ್ಕೊಂಡದೆ. ಸೊಪ್ಪನ್ನೂ ಮುಟ್ಟದೆ ಉಪವಾಸ ಕೂತದೆ. ಲೇ ಬಸವೇಶ, ನಿನಗೆ ಕಣ್ಣಿಲ್ವೇನೋ? ಇದು ಕಾಯಿಲೆ ಅಲ್ಲ ಕಣ್ಲಾ, ವ್ರತ! ನಂಜುಂಡನ ಊರಿಗೆ ವಿಷ ಒಟ್ಟೇಲಿಟ್ಕೊಂಡು ಸುಮ್ಮನೆ ಬಂದದಾ ಇದು?"

ಮೇವಿನಲ್ಲಿ ಸೋತ ಬಸವೇಶಪ್ಪನವರಿಗೆ ಈ ಮಾತು ಆಸರೆಯಾಗಿ ಸಿಕ್ಕಿತು. ತಮಗೆ ಸೊಪ್ಪು ಆರಿಸಲು ಬರುವುದಿಲ್ಲವೆಂದಲ್ಲ, ಗಿರಾಕಿಯೇ ವ್ರತದಲ್ಲಿದ್ದಾನೆ. ಸಂಜೆಯೊಳಗೆ ಚಿಕ್ಕಸ್ವಾಮಿಯವರು ಬೀದಿಗೆಲ್ಲಾ ಜಾರಿ ಮಾಡಿದರು. ಮರುದಿನ ಇಬ್ಬರು ಹೆಂಗಸರು ಬಂದು ತೊಟ್ಟಿಗೆ ಅರಿಸಿನ ಕುಂಕುಮವಿಟ್ಟರು. ಅದರ ಮರುದಿನ ಬಿಳಿಗೆರೆಯಿಂದ ಒಂದು ಟೆಂಪೋ ಬಂತು. ಯಾರೋ ಗಾಜಿಗೆ ವಿಭೂತಿಯ ಪಟ್ಟೆ ಎಳೆದರು. ಒಳಗಿದ್ದ ಗುಂಡ ಅದರ ಹಿಂದೆ ಬಂದು ನಿಂತಾಗಲೆಲ್ಲಾ ಜನ "ಹರಹರ" ಎಂದರು. ಜನ ಕಂಡು ಹೆದರಿ ಅವನು ಉಬ್ಬಿದರೆ, "ಲಿಂಗಾಕಾರ ತಾಳಿದ!" ಎಂದು ಕೆನ್ನೆ ಬಡಿದುಕೊಂಡರು. ಬಸವೇಶಪ್ಪ ರೇಷ್ಮೆ ಪಂಚೆಯುಟ್ಟು ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದರು: "ಹುಟ್ಟಿನಿಂದ ಶುದ್ಧ ಸಸ್ಯಾಹಾರಿ. ಈಗ ಸಸ್ಯವನ್ನೂ ತ್ಯಜಿಸಿದೆ."

ನನಗೆ ಮಾತ್ರ ಒಳಕೋಣೆಯ ಯೋಚನೆ. ಅಲ್ಲಿ ಮಂಗಳಮ್ಮ ಗೋಡೆಗೊರಗಿ ಕೂತಿದ್ದರು. "ಏನಾದರೂ ತಗೊಳ್ಳೀಮ್ಮ" ಎಂದೆ.

"ಮೀನೇ ಅವರಿಗೋಸ್ಕರ ಉಪವಾಸ ಮಾಡ್ತಿದೆ ಅಂದ್ಮೇಲೆ, ಅವರ ಕೈಹಿಡಿದವಳು ನಾನು ಹೆಂಗೆ ಮುದ್ದೆ ಮುರೀಲಿ?" ಎಂದರು. ಆ ಮಾತನ್ನು ಹೇಳುವುದಕ್ಕೇ ಅವರಿಗೆ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ನಾನು ಹೊರಗೆ ಬಂದು ಬಸವೇಶಪ್ಪನವರ ರಟ್ಟೆ ಹಿಡಿದು ಹೇಳಿದೆ. "ನಿಮ್ಮ ಮೀನು ದೇವರಾಗುವಷ್ಟರಲ್ಲಿ ನಿಮ್ಮ ಅಕ್ಕ ಉಳಿಯಲ್ಲಪ್ಪ."

ಅವರ ಮುಖದ ಬಣ್ಣವೇ ಇಳಿದುಹೋಯಿತು. "ನನಗೆ ಗೊತ್ತಿಲ್ವಾ ಅಣ್ಣಾ? ಏನು ಮಾಡಲಿ ಹೇಳಿ. ನನಗೆ ಗೊತ್ತಿರೋದು ಮೇವೊಂದೇ. ಅದೂ ನಡೀಲಿಲ್ಲ."

ಸೋಮವಾರ ಬಂತು. ಬಾಗಿಲಾಚೆಗೂ ಸಾಲು. ದಾಕ್ಷಾಯಿಣಮ್ಮ ಬಂದವರಿಗೆ ಪ್ರಸಾದವೆಂದು ಅಡುಗೆಮನೆಯಲ್ಲಿ ಸಿಹಿಪೊಂಗಲಿಗೆ ನಿಂತಿದ್ದರು. ಹೊರಗೆ ಯಾವ ಸೊಪ್ಪು ಬಂತು, ಯಾವ ಹೂವು ಬಂತೆಂದು ನೋಡಲು ಅಂದು ಅವರಿಗೆ ಪುರಸೊತ್ತಿರಲಿಲ್ಲ. ಮಂಗಳಮ್ಮನವರನ್ನು ಇಬ್ಬರು ಹಿಡಿದು ತಂದು ತೊಟ್ಟಿಯ ಎದುರಿಗೆ ಕುರ್ಚಿಯಲ್ಲಿ ಕೂರಿಸಿದ್ದರು.

ಕವಲಂದೆಯ ಇಂದ್ರಾಣಿ ಎಂಬಾಕೆ ಬಂದಳು. ಮೂರು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವವಳು, ಬೂಸಾ ಅಂಗಡಿಯ ಗಿರಾಕಿ. ತನ್ನೂರಿನ ಕಟ್ಟೆಯಿಂದ ನೈದಿಲೆ ಹೂವನ್ನು ದಂಟು, ಎಲೆ, ಬೇರು ಸಮೇತ ಕಿತ್ತು ತಂದಿದ್ದಳು.

"ತಗಳಿ ಸಾ, ಸೋಮಿಗೆ. ನೀರಲ್ಲಿರೋನಿಗೆ ನೀರ ಊವೇ ಸರಿ ಅಂತ ತಂದೆ."

ಬಸವೇಶಪ್ಪ ಭಕ್ತಿಯಿಂದ ಎರಡು ಕೈಯಲ್ಲೂ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಹಾಗೆಯೇ ತೊಟ್ಟಿಗೆ ಬಿಟ್ಟರು.

ಎಲೆಯ ಅಡಿಯಲ್ಲಿ ಬಟಾಣಿ ಗಾತ್ರದ ಬಸವನಹುಳುಗಳು ಸಾಲಾಗಿ ಕೂತಿದ್ದವು.

ಗುಂಡ ಅನುಬಿಯಾಸ್ ಮರೆಯಿಂದ ಬಾಣದ ಹಾಗೆ ಬಂದ. ಎರಡು ಕಣ್ಣನ್ನೂ ಒಂದೇ ಕಡೆಗೆ ಹೊಂದಿಸಿ ಕ್ಷಣ ನಿಂತ. ಆಮೇಲೆ "ಕಟಕ್" ಎಂದು ಒಂದು ಶಬ್ದ. ಅಡಿಕೆ ಕಡಿದ ಹಾಗೆ. ಚಿಪ್ಪಿನ ಚೂರೊಂದು ತೇಲುತ್ತಾ ಕೆಳಗಿಳಿಯಿತು.

"ಎಲೆ ತಿಂತು!" ಎಂದರು ಬಸವೇಶಪ್ಪ.

"ಎಲೆ ಕಟಕ್ ಅಂತದಾ ಸಾ?" ಎಂದಳು ಇಂದ್ರಾಣಿ.

ಕಟಕ್.

"ಅದು ಎಲೆ ತಿನ್ನೋಕೆ ಹೋಗಿದೆ. ಅಡ್ಡ ಬಂದ ಹುಳು ಬಾಯಿಗೆ ಸಿಕ್ಕಿದೆ. ಗೊತ್ತಿಲ್ಲದೆ ಆದದ್ದಕ್ಕೆ ದೋಷ..."

ಕಟಕ್. ಕಟಕ್.

"...ದೋಷ ಇಲ್ಲ. ಈಗ ನೋಡಿ, ಅದಕ್ಕೆ ತಿಳಿದಿದೆ, ಈಗ ಉಗುಳುತ್ತೆ..."

ಗುಂಡ ನಿಜಕ್ಕೂ ಉಗುಳಿದ. ಚಿಪ್ಪನ್ನು. ನಂತರ ಮುಂದಿನದಕ್ಕೆ ಹೋದ. ಹುಳು ಹಿಡಿದಿದ್ದ ಎಲೆಯ ಅಂಚು ಹುಳುವಿನ ಜೊತೆಗೇ ಕಿತ್ತು ಬಂತು. ದೊಡ್ಡಸಿದ್ದಯ್ಯನವರ ಮನೆಯಲ್ಲಿ ಮಂಗಳಮ್ಮ ದಿನವೂ ನೋಡುತ್ತಿದ್ದ ಗುರುತು ಅದೇ ಇರಬೇಕು.

"ಶಿವ ಶಿವಾ! ಮಾಂಸ! ಲಿಂಗಪೂಜೆ ಮಾಡೋ ಮನೇಲಿ, ಸೋಮವಾರ, ನಾವೆಲ್ಲಾ ಕೈಮುಗಿದು ನಿಂತಿರೋವಾಗ! ಅದರಲ್ಲೂ ಬಸವನಹುಳು, ಎಸರಲ್ಲೇ ಬಸವ ಅವ್ನೆ!" ಎಂದು ಚಿಕ್ಕಸ್ವಾಮಿ ತೊಟ್ಟಿಯಿಂದ ಮಾರು ದೂರ ಹಾರಿದರು. ಬಿಳಿಗೆರೆಯವರು ಚಪ್ಪಲಿ ಹುಡುಕತೊಡಗಿದರು. ಗಲಾಟೆ ಕೇಳಿ ದಾಕ್ಷಾಯಿಣಮ್ಮ ಸೌಟು ಹಿಡಿದೇ ಓಡಿಬಂದು, ಗುಂಡನ ಬಾಯಲ್ಲಿದ್ದುದನ್ನು ನೋಡಿ, ಸೌಟು ಕೈಬಿಟ್ಟರು.

"ಅಯ್ಯೋ ನನ್ನಪ್ಪಾ! ಮೂರು ಬೋಗುಣೀಲಿ ತೊಳೆದು, ಹೊಳೆಗೆ ಬಿಟ್ಟು, ಕೈಮುಗಿದು ಬಂದ್ನಲ್ಲಾ! ಅಷ್ಟೂ ನಿನ್ನ ಊಟವೇನೋ? ಮಡಿ ಕಂಡು ಕುಣೀತಿದ್ದೀಯ ಅಂದ್ಕೊಂಡ್ನಲ್ಲೋ!"

"ಮೊದ್ಲು ಈ ತೊಟ್ಟಿ ಆಚೆ ಆಕಿಸಿ, ಮನೆ ಶುದ್ಧಿ ಮಾಡಿಸು ಬಸವೇಶ. ಮಠದೋರಿಗೆ ಗೊತ್ತಾದ್ರೆ ಏನಂತಾರೆ?" ಎಂದರು ಚಿಕ್ಕಸ್ವಾಮಿ.

ಆಗ ಕುರ್ಚಿಯ ಕಡೆಯಿಂದ ಒಂದು ಸದ್ದು ಬಂತು. ಅಳುತ್ತಿದ್ದಾರೆಂದು ನಾವೆಲ್ಲಾ ತಿರುಗಿ ನೋಡಿದೆವು. ಮಂಗಳಮ್ಮ ನಗುತ್ತಿದ್ದರು. ಮೊದಲು ಹೆಗಲು ಅಲುಗಿತು, ಆಮೇಲೆ ಕುರ್ಚಿ ಅಲುಗಿತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ.

"ಶರಣ ಕಣೇ ಅಂದ್ರಲ್ಲಾ!" ಎಂದರು. "ಮೊಟ್ಟೆ ಸುದ್ದಿಗೂ ಹೋಗಲ್ಲ ಅಂದ್ರಲ್ಲಾ! ಅದಕ್ಕೇ ನಾನು ಪೂಜೆಗೆ ಕೂತ ಮೇಲೇ ಗಿಡ ತರೋರು! ನಾನು ಎದ್ದು ಬರೋ ಹೊತ್ತಿಗೆ ಎದೆ ಮೇಲೆ ಕೈಕಟ್ಟಿಕೊಂಡು ತೊಟ್ಟಿ ಮುಂದೆ ಅಡ್ಡ ನಿಂತಿರೋರು! ಪಕ್ಕಾ ಕಳ್ಳ!"

"ಅಕ್ಕ, ಹೋದವರನ್ನ..." ಎಂದು ಬಸವೇಶಪ್ಪ ಬಾಯಿ ತೆರೆದರು.

"ನೀನು ಸುಮ್ಮನಿರೋ. ಮೂವತ್ತೆಂಟು ವರ್ಷ ಸಂಸಾರ ಮಾಡಿದೋಳು ನಾನು. ಬೈಯೋ ಹಕ್ಕು ನನಗಿದೆ." ಆಮೇಲೆ ಚಿಕ್ಕಸ್ವಾಮಿಯವರ ಕಡೆ ತಿರುಗಿದರು. "ಅಲ್ಲಪ್ಪಾ, ಅದಕ್ಕೆ ಆ ಹಲ್ಲು ಕೊಟ್ಟೋನು ಯಾರು? ನಮ್ಮ ನಂಜುಂಡನೇ ಅಲ್ವಾ? ಸೊಪ್ಪು ತಿನ್ನಲಿ ಅಂತಿದ್ರೆ ಅವನೇ ಬೇರೆ ಹಲ್ಲು ಕೊಡ್ತಿದ್ದ. ಅವನು ಕೊಟ್ಟಿದ್ದನ್ನ ಅದು ತಿಂತು. ನೀವು ಪ್ರಸಾದ ತಿಂದು ಹೊರಡಿ."

ಸಮನ್ಸ್ ಜಾರಿ ಮಾಡಿ ಅಭ್ಯಾಸವಿದ್ದವರಿಗೆ ಸಮನ್ಸ್ ಬಂದದ್ದು ಬೇಗ ತಿಳಿಯುತ್ತದೆ. ಚಿಕ್ಕಸ್ವಾಮಿ ಪೊಂಗಲ್ ತೆಗೆದುಕೊಂಡು ಹೊರಟರು. ಜನವೂ ಕರಗಿತು. ಭಕ್ತಿ ಹೋಗಿದ್ದರೂ ಹಸಿವು ಹೋಗಿರಲಿಲ್ಲವಾದ್ದರಿಂದ ಒಬ್ಬರೂ ದೊನ್ನೆ ಬಿಟ್ಟು ಹೋಗಲಿಲ್ಲ. ಇಂದ್ರಾಣಿಯೊಬ್ಬಳೇ ನಿಂತು, "ನಮ್ಮೂರ ಕಟ್ಟೇಲಿ ಇಂಥವು ಬೇಕಾದಷ್ಟವೆ ಕಣವ್ವ. ಬೂಸಾಕ್ಕೆ ಬಂದಾಗೆಲ್ಲಾ ಒಂದ್ ಕಟ್ಟು ತಂದಾಕ್ತೀನಿ. ತೊಳೀಬ್ಯಾಡಿ, ಅಷ್ಟೇಯ" ಎಂದು ದಾಕ್ಷಾಯಿಣಮ್ಮನವರಿಗೆ ಹೇಳಿ ಹೋದಳು.

ಗುಂಡ ಕೊನೆಯ ಹುಳುವನ್ನು ಮುಗಿಸಿ, ಹೆದರಿಕೆಯಿಂದಲ್ಲದೆ ಊಟದಿಂದಲೇ ದುಂಡಗಾಗಿ, ಎಲೆಯ ಮೇಲೆ ಹೊಟ್ಟೆ ಊರಿ ಕೂತ.

ಮಂಗಳಮ್ಮ ಅದನ್ನು ನೋಡಿ, "ದಾಕ್ಷಾಯಿಣಿ, ಮುದ್ದೆ ಇದೆಯೇನಮ್ಮ?" ಎಂದರು.

ಬಸವೇಶಪ್ಪ ಹೆಂಡತಿಗಿಂತ ಮುಂಚೆ ಅಡುಗೆಮನೆಗೆ ಓಡಿ, ಬಾಗಿಲ ಪಟ್ಟಿಗೆ ತಲೆ ಹೊಡೆದುಕೊಂಡು, ಮುದ್ದೆಯ ತಟ್ಟೆ ಹಿಡಿದು ವಾಪಸು ಬಂದರು. ಎಷ್ಟು ಮೇವು ಹಾಕಬೇಕೆಂದು ಅವರು ಅಂದು ಯಾರಿಗೂ ಹೇಳಲಿಲ್ಲ. ಅಕ್ಕನ ಮುಂದೆ ನೆಲದ ಮೇಲೆ ಕೂತು, ಮೊದಲ ತುತ್ತು ಒಳಗೆ ಹೋಗುವುದನ್ನು ನೋಡಿ, ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡರು.

ನಾನು ನನ್ನ ಮನೆಗೆ ಬಂದೆ. ಗೋಡೆಯಾಚೆ ಮಂಗಳಮ್ಮನವರ ದನಿ ತುತ್ತಿಗೊಮ್ಮೆ ಏರುತ್ತಿತ್ತು.

"ಮೀನಿನ ವಿಷಯಾನೇ ಇಷ್ಟು ಮುಚ್ಚಿಟ್ಟಿದ್ರೆ ಇನ್ನೇನೇನು ಮುಚ್ಚಿಟ್ಟಿದ್ರೋ! ಕಾಲುನೋವು ಅಂತ ದೇವಸ್ಥಾನಕ್ಕೆ ಬರೋರಲ್ಲ, ಹುಳು ಹುಡುಕೋಕೆ ನಾಲೆಗೆ ಇಳಿಯೋಕೆ ಕಾಲಿತ್ತು! ಬರ್ತಾ ಅಂಗಡೀಲಿ ಬೋಂಡಾನೂ ತಿಂತಿದ್ರು ಅಂತ ಕಾಣುತ್ತೆ, ಸಕ್ಕರೆ ಕಾಯಿಲೆ ಇಟ್ಕೊಂಡು! ದಾಕ್ಷಾಯಿಣಿ, ಇನ್ನರ್ಧ ಮುದ್ದೆ ಹಾಕು. ಅವರನ್ನ ಬೈಯೋದು ಇನ್ನೂ ಬಹಳ ಇದೆ."